ಏರಿನಲ್ಲಿ ಎಳೆಯದ, ಮಳೆಯಲ್ಲಿ ನಿಲ್ಲುವ ಹಳೆ ಬೈಕು: ದೋಷ ಹುಡುಕುವ ಕ್ರಮ

ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆದ ಗಾಡಿ ಚಿಕ್ಕಮಗಳೂರಿನ ಹತ್ತಿರದ ಕೈಮರ ದಾಟಿ ಏರು ಹಿಡಿದ ಮೇಲೆ ಎಳೆಯುವುದಿಲ್ಲ. ಐದು ನಿಮಿಷ ನಿಲ್ಲಿಸಿ ಹೊರಟರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಗ್ಯಾರೇಜಿಗೆ ಒಯ್ದ ದಿನ ದೋಷ ಕಾಣಿಸಿಕೊಳ್ಳುವುದೇ ಇಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಸ್ಕ್ರೂ ಅರ್ಧ ಸುತ್ತು ತಿರುಗುತ್ತದೆ, ಪ್ಲಗ್ ಬದಲಾಗುತ್ತದೆ, ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಪಾಡು.

ಈ ಕಾಯಿಲೆಗೆ ನಮ್ಮ ಕಡೆ ‘ಮಿಸ್ಸಿಂಗ್’ ಎಂದು ಒಂದೇ ಹೆಸರು. ಒಳಗಿರುವುದು ಮಾತ್ರ ಹತ್ತಾರು ದೋಷ. ಅವನ್ನು ಬೇರೆ ಮಾಡಿ ತೋರಿಸುವ ಪ್ರಶ್ನೆ ‘ಯಾವಾಗ?’ ಎಂಬುದು. ತಣ್ಣಗಿದ್ದಾಗಲೋ, ಕಾದ ಮೇಲೋ? ಮಳೆ ಬಂದಾಗ ಮಾತ್ರವೋ? ಎಕ್ಸಲೇಟರ್ ಸ್ವಲ್ಪ ಕೊಟ್ಟಾಗಲೋ, ಪೂರ್ತಿ ಕೊಟ್ಟಾಗಲೋ? ಟ್ಯಾಂಕ್ ತುಂಬಿದ್ದಾಗಲೋ, ರಿಸರ್ವ್ ಹತ್ತಿರ ಬಂದಾಗಲೋ? ಮೂರು ನಾಲ್ಕು ದಿನ ಓಡಿಸುತ್ತಾ ಇದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿ ಕೈಗೆ ಬರುವವರೆಗೆ ಸ್ಕ್ರೂಡ್ರೈವರ್ ಹಿಡಿಯಬೇಡಿ.

ಇಲ್ಲಿ ಹೇಳುವುದೆಲ್ಲ ಕಾರ್ಬ್ಯುರೇಟರ್ ಇರುವ ಗಾಡಿಗಳಿಗೆ: ಸಿಡಿ 100, ಹಳೆ ಸ್ಪ್ಲೆಂಡರ್, ಹಳೆ ಪಲ್ಸರ್, ಹಳೆ ಬುಲೆಟ್, ಆರ್‌ಎಕ್ಸ್ 100. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳ ದಾರಿ ಬೇರೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಪ್ಲಗ್ ಸ್ಪ್ಯಾನರ್, ಸಣ್ಣ ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್, ಮಲ್ಟಿಮೀಟರ್, ಒಂದು ಪಾರದರ್ಶಕ ಬಾಟಲಿ, ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ, ನಿಮ್ಮ ಗಾಡಿಗೆ ಹೇಳಿದ ನಂಬರಿನ ಒಂದು ಹೊಸ ಪ್ಲಗ್. ಹೊಸ ಪ್ಲಗ್ ಇರಲೇಬೇಕು. ಅನುಮಾನದ ಪ್ಲಗ್ ಇಟ್ಟುಕೊಂಡು ಉಳಿದದ್ದನ್ನು ಪರೀಕ್ಷಿಸಿದರೆ ಸಿಗುವ ಉತ್ತರಗಳೆಲ್ಲ ಅನುಮಾನದವೇ.

ಮೊದಲು ಎಂಜಿನ್ ಬಿಟ್ಟು ಉಳಿದದ್ದು

‘ಪಿಕಪ್ ಇಲ್ಲ’ ಎಂದು ಬರುವ ಎಷ್ಟೋ ಗಾಡಿಗಳಲ್ಲಿ ಎಂಜಿನ್ನಿನ ತಪ್ಪೇ ಇರುವುದಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಬಿಟ್ಟ ಮೇಲೂ ಸಲೀಸಾಗಿ ತಿರುಗಬೇಕು. ಕೆಸರು ರಸ್ತೆಯಲ್ಲಿ ಓಡಿದ ಡ್ರಮ್ ಬ್ರೇಕಿನ ಕ್ಯಾಮ್ ತುಕ್ಕು ಹಿಡಿದು ಬಿಗಿಯಾದರೆ ಬ್ರೇಕ್ ಅರ್ಧ ಹಿಡಿದೇ ಇರುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ಡ್ರಮ್ ಮುಟ್ಟಿ ನೋಡಿದರೆ ಸುಡುವಷ್ಟು ಕಾದಿರುತ್ತದೆ.

ಏರಿನಲ್ಲಿ ಎಂಜಿನ್ ಸದ್ದು ಏರುತ್ತದೆ, ವೇಗ ಮಾತ್ರ ಏರುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಲಿವರಿನಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇದೆಯೇ ನೋಡಿ. ಕೇಬಲ್ ತೀರಾ ಬಿಗಿಯಿದ್ದರೆ ಹೊಸ ಪ್ಲೇಟ್ ಹಾಕಿದರೂ ಜಾರುತ್ತದೆ. ಎಕ್ಸಲೇಟರ್ ಹಿಡಿಯಲ್ಲಿ 2ರಿಂದ 6 ಮಿಲಿಮೀಟರ್ ಸಡಿಲ ಬೇಕು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಸದ್ದು ಏರಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ ಎಂದರ್ಥ, ಹೇರ್‌ಪಿನ್ ತಿರುವಿನಲ್ಲಿ ಅದು ಅಪಾಯ.

ಪೆಟ್ರೋಲ್ ಬರುತ್ತಿದೆಯೇ, ಏನು ಬರುತ್ತಿದೆ?

ಸುಲಭವಾದರೂ ಹೆಚ್ಚು ಮಂದಿ ಬಿಟ್ಟುಬಿಡುವ ಪರೀಕ್ಷೆ ಇದು. ಮೂರು ನಾಲ್ಕು ಕಿಲೋಮೀಟರ್ ಚೆನ್ನಾಗಿ ಓಡಿ, ಸೊರಗಿ ನಿಂತು, ಸ್ವಲ್ಪ ಹೊತ್ತಿನ ನಂತರ ಮತ್ತೆ ಸ್ಟಾರ್ಟ್ ಆಗುವ ಗಾಡಿಯ ಟ್ಯಾಂಕ್ ಮುಚ್ಚಳವನ್ನು ನಿಂತ ಜಾಗದಲ್ಲೇ ತೆರೆಯಿರಿ. ‘ಸುಸ್’ ಎಂದು ಗಾಳಿ ಒಳಕ್ಕೆ ಎಳೆದುಕೊಂಡರೆ ಕಾರಣ ಸಿಕ್ಕಿತು. ಪೆಟ್ರೋಲ್ ಕೆಳಗೆ ಇಳಿದಷ್ಟೂ ಮೇಲಿನಿಂದ ಗಾಳಿ ಒಳಗೆ ಬರಬೇಕು. ಮುಚ್ಚಳದ ಸಣ್ಣ ಗಾಳಿರಂಧ್ರ ಧೂಳು, ತುಕ್ಕಿನಿಂದ ಕಟ್ಟಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ನೀರು ಇಳಿಯಬಾರದೆಂದು ಮಳೆಗಾಲದಲ್ಲಿ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರ್ ಬಿಗಿದು ಕಟ್ಟಿದರೂ ಇದೇ ಆಗುತ್ತದೆ. ಕವರ್ ಕಟ್ಟುವ ಬದಲು ಮುಚ್ಚಳದ ರಬ್ಬರ್ ವಾಷರ್ ಬದಲಿಸಿ.

ನಂತರ ಎಂಜಿನ್ ತಣ್ಣಗಿರುವಾಗ, ಬೀಡಿ, ದೀಪ, ಒಲೆ ಯಾವುದೂ ಹತ್ತಿರ ಇಲ್ಲದ ಕಡೆ, ಕಾರ್ಬ್ಯುರೇಟರಿಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಹಿಡಿಯಿರಿ. ಮುಚ್ಚಳ ಹಾಕಿದ್ದಾಗಲೂ ತೆಗೆದಾಗಲೂ ಒಂದು ನಿಮಿಷ ಒಂದೇ ಸಮನೆ ಧಾರೆ ಬರಬೇಕು. ಮುಚ್ಚಳ ತೆಗೆದರೂ ಧಾರೆ ಸಣ್ಣದಾಗುತ್ತಾ ಹೋದರೆ ಪೆಟ್ರೋಲ್ ಕಾಕ್ ಒಳಗಿನ ಜಾಲರಿ ಕಟ್ಟಿದೆ. ‘ಆನ್’ನಲ್ಲಿ ಬಾರದೆ ‘ರಿಸರ್ವ್’ನಲ್ಲಿ ಬಂದರೆ ಟ್ಯಾಂಕಿನಲ್ಲಿ ಪೆಟ್ರೋಲೇ ಕಡಿಮೆ ಇರಬಹುದು, ಇಲ್ಲವೇ ಒಳಗಿನ ಎತ್ತರದ ಕೊಳವೆಯ ಬಾಯಿ ಕಟ್ಟಿರಬಹುದು.

ಹಿಡಿದ ಪೆಟ್ರೋಲನ್ನು ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಕೆಂಪು ಪುಡಿ ಕಂಡರೆ ಟ್ಯಾಂಕ್ ತುಕ್ಕು ಹಿಡಿದಿದೆ. ಗುಂಡುಗುಂಡಾಗಿ ಉರುಳುವ ಹನಿ ಅಥವಾ ಮಂಕಾದ ಬೇರೆ ಪದರ ಕಂಡರೆ ನೀರು ಸೇರಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥೆನಾಲ್ ಅದರ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತದೆ. ರಿಸರ್ವ್ ತೆರೆದಾಗ ಪೈಪಿಗೆ ಮೊದಲು ಇಳಿಯುವುದೂ ಅದೇ ತಳದ ಪದರ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಟ್ಯಾಂಕ್ ಇಟ್ಟುಕೊಂಡು ನಿಲ್ಲುವ ಗಾಡಿಗಳಿಗೆ ಇದು ದೊಡ್ಡ ತೊಂದರೆ. ಖಾಲಿ ಜಾಗದ ತೇವದ ಗಾಳಿ ರಾತ್ರಿ ತಣಿದು ಟ್ಯಾಂಕಿನ ಗೋಡೆಗೆ ಹನಿ ಕಟ್ಟುತ್ತದೆ. ಅಂಥ ಪೆಟ್ರೋಲನ್ನು ಪೂರ್ತಿ ಇಳಿಸಿಬಿಡಿ. ಹೊಸದರ ಜೊತೆ ಬೆರೆಸಿ ಖಾಲಿ ಮಾಡುವ ಯೋಚನೆ ಬೇಡ.

ಹಳೆ ರಬ್ಬರ್ ಪೈಪನ್ನು ಬೆರಳಿನಿಂದ ಬಗ್ಗಿಸಿ ನೋಡಿ. ಬಿರುಕು, ಅಂಟು, ಉಬ್ಬು ಕಂಡರೆ ಎಥೆನಾಲ್ ತಡೆಯುವ ಪೈಪ್ ಹಾಕಿ. ಪೈಪಿನ ಒಳಪದರ ಕರಗಿ ಉದುರುವ ಕಪ್ಪು ಚೂರು ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದಲ್ಲಿ, ಸಿಕ್ಕಿಕೊಂಡರೆ, ಎಷ್ಟು ಸಲ ಕಾರ್ಬ್ಯುರೇಟರ್ ತೊಳೆದರೂ ದೋಷ ಮರಳಿ ಬರುತ್ತದೆ.

ಗಾಳಿ

ಏರ್ ಫಿಲ್ಟರಿನ ಕೆಲಸ ಐದು ನಿಮಿಷದ್ದು. ಸ್ಪಂಜಿನ ಫಿಲ್ಟರ್ ಆದರೆ ಸೀಮೆಎಣ್ಣೆಯಲ್ಲೋ ಸೋಪಿನ ನೀರಿನಲ್ಲೋ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ಪೂರ್ತಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಸವರಿ ಒತ್ತಿ ಹಾಕಿ. ಒಣ ಕಾಗದದ ಫಿಲ್ಟರನ್ನು ಒಳಗಿನಿಂದ ಹೊರಕ್ಕೆ ಗಾಳಿ ಹೊಡೆದು ಧೂಳು ತೆಗೆಯಬಹುದು. ಎಣ್ಣೆ ಸವರಿದ ಕಾಗದದ ಫಿಲ್ಟರಿಗೆ ಗಾಳಿ ಹೊಡೆಯಬಾರದು, ಕಪ್ಪಾದರೆ ಬದಲಿಸಬೇಕು. ಅರಸೀಕೆರೆ, ಕಡೂರಿನ ಧೂಳಿನಲ್ಲಿ ಓಡುವ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರಿಗಿಂತ ಬೇಗ ಇದು ಕಟ್ಟುತ್ತದೆ.

ಮಲೆನಾಡಿನಲ್ಲಿ ಇನ್ನೊಂದನ್ನೂ ನೋಡಬೇಕು. ಶೆಡ್ಡಿನಲ್ಲಿ ನಿಂತ ಗಾಡಿಯ ಸಣ್ಣ ಪೈಪುಗಳಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ. ಕಾರ್ಬ್ಯುರೇಟರಿನಿಂದ ಕೆಳಗೆ ಇಳಿಬಿದ್ದ ಗಾಳಿ ಪೈಪಿಗೆ ಮಣ್ಣು ತುಂಬಿದರೆ ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿನಿಂದ ಅದು ಸರಿಯಾಗಿ ಮೇಲೇಳುವುದಿಲ್ಲ. ಆ ಪೈಪನ್ನು ಊದಿ ನೋಡಿ. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಮಾಡಿರುವುದೂ ಉಂಟು.

ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ಇನ್‌ಟೇಕ್ ಪೈಪಿನ ಬಿರುಕು ಇನ್ನೂ ಮುಖ್ಯ. ಎಕ್ಸಲೇಟರ್ ಬಿಟ್ಟ ಮೇಲೂ ಸದ್ದು ಇಳಿಯಲು ತಡ ಮಾಡಿದರೆ, ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಇಳಿದರೆ ಇಲ್ಲಿ ಗಾಳಿ ಕದಿಯುತ್ತಿದೆ ಎಂದು ಅನುಮಾನಿಸಿ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆ ಜೋಡಣೆಯ ಸುತ್ತ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ. ಸದ್ದು ಬದಲಾದ ಜಾಗವೇ ಸೋರುವ ಜಾಗ. ಕೆಲವರು ಇದಕ್ಕೆ ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಕಾದ ಸೈಲೆನ್ಸರಿನ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ, ಖಂಡಿತ ಮಾಡಬೇಡಿ.

ಕಿಡಿ: ಮಳೆಯ ದೋಷ, ಬಿಸಿಯ ದೋಷ

ಪ್ಲಗ್ ಬಿಚ್ಚಿದೊಡನೆ ಒರೆಸಬೇಡಿ, ಓದಿ. ತುದಿ ತಿಳಿ ಕಂದು ಬಣ್ಣದ್ದಾದರೆ ಮಿಶ್ರಣ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ ಇದೆ, ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ. ಜಿಡ್ಡಾಗಿ ಎಣ್ಣೆ ಮೆತ್ತಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಕಡೆಗೆ ಗಮನ ಕೊಡಿ. ಐಡ್ಲಿಂಗ್‌ನಲ್ಲಿ ಬಹಳ ಹೊತ್ತು ನಿಂತ ಗಾಡಿಯ ಪ್ಲಗ್ ಹೇಗೂ ಕಪ್ಪಗೆ ಕಾಣುತ್ತದೆ. ಆದ್ದರಿಂದ ಏರು ರಸ್ತೆಯಲ್ಲಿ ಓಡಿಸಿ, ಕ್ಲಚ್ ಹಿಡಿದು, ಹಾಗೆಯೇ ಎಂಜಿನ್ ಆಫ್ ಮಾಡಿ, ಸ್ವಲ್ಪ ತಣಿದ ಮೇಲೆ ಬಿಚ್ಚಿ ನೋಡಿದರೆ ನಂಬಬಹುದು. ಗ್ಯಾಪ್ ಎಷ್ಟೆಂಬುದು ಮಾಡೆಲ್‌ನ ಪುಸ್ತಕದಲ್ಲಿರುತ್ತದೆ. ಹಳೆ 100 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್.

ಕಿಡಿ ಪರೀಕ್ಷಿಸಲು ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ ಕಿಕ್ ಹೊಡೆಯಿರಿ. ಪ್ಲಗ್ ತೆಗೆದ ರಂಧ್ರವನ್ನು ಬಟ್ಟೆಯಿಂದ ಮುಚ್ಚಿ, ಪ್ಲಗ್ಗನ್ನು ಅಲ್ಲಿಂದ ದೂರ ಇಡಿ, ಒಳಗಿನಿಂದ ಬರುವ ಪೆಟ್ರೋಲ್ ಆವಿಗೆ ಕಿಡಿ ತಾಗಬಾರದು. ನೀಲಿ, ದಪ್ಪ, ಚಟ್ ಎನ್ನುವ ಕಿಡಿ ಒಳ್ಳೆಯದು. ಹಳದಿ, ತೆಳು ಕಿಡಿ ದುರ್ಬಲ.

ಮಳೆ ಬಂದಾಗ ಮಾತ್ರ ಕೈಕೊಡುವ ಗಾಡಿಯನ್ನು ರಾತ್ರಿ ಕತ್ತಲಲ್ಲಿ ಸ್ಟಾರ್ಟ್ ಮಾಡಿ, ಪ್ಲಗ್ ಕ್ಯಾಪ್ ಮತ್ತು ದಪ್ಪ ವೈರಿನ ಮೇಲೆ ನೀರು ಸಿಂಪಡಿಸಿ. ಸೋರುವ ಕಡೆ ನೀಲಿ ಎಳೆ ಮಿನುಗುವುದು ಕಣ್ಣಿಗೇ ಕಾಣುತ್ತದೆ. ಆಗ ಕೈಯಿಂದ ಮುಟ್ಟಬೇಡಿ. ಪರಿಹಾರಕ್ಕೆ ಎಂಜಿನ್ ಆಫ್ ಮಾಡಿ ಕ್ಯಾಪನ್ನು ವೈರಿನಿಂದ ತಿರುಗಿಸಿ ಬಿಚ್ಚಿ, ವೈರಿನ ಹಸಿರುಗಟ್ಟಿದ ತುದಿಯನ್ನು 5 ಮಿಲಿಮೀಟರ್ ಕತ್ತರಿಸಿ, ಮತ್ತೆ ಬಿಗಿಯಾಗಿ ತಿರುಗಿಸಿ ಹಾಕಿ. ರೆಸಿಸ್ಟರ್ ಇರುವ ಕ್ಯಾಪನ್ನು ಮಲ್ಟಿಮೀಟರಿನಲ್ಲಿ ಅಳೆದರೆ ಸಾಮಾನ್ಯವಾಗಿ 5 ಕಿಲೋ ಓಮ್ ಸುತ್ತಮುತ್ತ ತೋರಿಸಬೇಕು. ಹತ್ತಿಪ್ಪತ್ತು ಕಿಲೋ ಓಮ್ ದಾಟಿದರೆ ಎಸೆಯಿರಿ. ಕ್ಯಾಪ್ ಅಗ್ಗದ ವಸ್ತು, ಅದಕ್ಕಾಗಿ ಚಾರ್ಮಾಡಿ ಘಾಟಿಯ ಮಳೆಯಲ್ಲಿ ಗಾಡಿ ತಳ್ಳುವುದು ಬೇಡ. ಕಿಲ್ ಸ್ವಿಚ್, ಕೀ ಸ್ವಿಚ್, ಸಿಡಿಐ (ಕಿಡಿ ನಿಯಂತ್ರಿಸುವ ಡಬ್ಬಿ) ಕನೆಕ್ಟರುಗಳನ್ನು ಒಂದೊಂದಾಗಿ ಕಳಚಿ ತುಕ್ಕು ಉಜ್ಜಿ ಹಾಕಿ. ಹ್ಯಾಂಡಲ್ ತಿರುಗಿಸಿದಾಗ ಆಫ್ ಆಗುವ ಗಾಡಿಯಲ್ಲಿ ಹೆಡ್‌ಲೈಟ್ ಡೂಮಿನೊಳಗೆ ವೈರ್ ಸವೆದು ಬಾಡಿಗೆ ತಾಗುತ್ತಿರುತ್ತದೆ.

ಕಾದ ಮೇಲೆ ನಿಂತು, ಅರ್ಧ ಗಂಟೆ ತಣಿದರೆ ಮತ್ತೆ ಓಡುವ ದೋಷ ಹೆಚ್ಚು ಕಾಡಿಸುತ್ತದೆ. ಕಿಡಿಯ ಸಮಯ ತಿಳಿಸುವ ಪಲ್ಸರ್ ಕಾಯಿಲ್ (ಪಲ್ಸರ್ ಬೈಕಿಗೂ ಇದಕ್ಕೂ ಸಂಬಂಧವಿಲ್ಲ), ಮ್ಯಾಗ್ನೆಟ್ ಕಾಯಿಲ್ ಅಥವಾ ಪ್ಲಗ್ಗಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಎಚ್‌ಟಿ ಕಾಯಿಲ್ ಒಳಗಿನ ಸಣ್ಣ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಮನೆಯಲ್ಲಿ ತಣ್ಣಗಿರುವಾಗ ಅಳೆದರೆ ಸರಿಯಾಗಿಯೇ ತೋರಿಸುತ್ತದೆ. ಗಾಡಿ ನಿಂತ ಜಾಗದಲ್ಲೇ, ಕಾದಿರುವಾಗಲೇ ಎರಡು ಕೆಲಸ ಮಾಡಬೇಕು. ಮೊದಲು ಟ್ಯಾಂಕ್ ಮುಚ್ಚಳ ತೆರೆದು ಮುಚ್ಚಿ, ನಂತರ ಹೊಸ ಪ್ಲಗ್ ಹಾಕಿ ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ ಕಾಯಿಲ್‌ಗಳ ಓಮ್ ಅಳೆದು ತಣ್ಣಗಿದ್ದಾಗಿನ ಅಂಕಿಯ ಜೊತೆ ಹೋಲಿಸಿ. ಕಾದಾಗ ಅಂಕಿ ಸ್ವಲ್ಪ ಏರುವುದು ಸಹಜ. ಪೂರ್ತಿ ಓಪನ್, ಅಂದರೆ ತಂತಿ ತುಂಡಾದಂತೆ, ತೋರಿಸಿದ ಕಾಯಿಲ್ ಸತ್ತಂತೆ. ಅಳತೆ ಮಾಡದೆ ಮೊದಲೇ ಸಿಡಿಐ ಬದಲಿಸುವವರು ಹೆಚ್ಚು, ದುಡ್ಡು ವ್ಯರ್ಥವಾಗುವುದು ಅಲ್ಲೇ.

ಸಿಡಿಐ ಬದಲು ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್ ಇರುವ ಹಳೆ ಬುಲೆಟ್‌ಗೆ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಪಾಯಿಂಟಿನ ನಡುವೆಯೇ ಜೋರಾಗಿ ಕಿಡಿ ಹಾರುತ್ತಿದ್ದರೆ, ಮೇಲ್ಮೈ ಸುಟ್ಟು ಗುಂಡಿ ಬಿದ್ದಿದ್ದರೆ ಕಂಡೆನ್ಸರ್ ಕೆಟ್ಟಿದೆ. ಎರಡನ್ನೂ ಒಟ್ಟಿಗೆ ಬದಲಿಸಿ.

ಕಿಡಿಗೆ ಬ್ಯಾಟರಿಯನ್ನು ನಂಬಿದ ಗಾಡಿಗಳಲ್ಲಿ ವೋಲ್ಟೇಜ್ ಕೂಡ ನೋಡಬೇಕು. 12 ವೋಲ್ಟ್ ಬ್ಯಾಟರಿಯಾದರೆ ಎಂಜಿನ್ ಆಫ್ ಇದ್ದಾಗ 12.4ಕ್ಕಿಂತ ಮೇಲೆ, ಎಂಜಿನ್ ಓಡುವಾಗ 13.5ರಿಂದ 14.5 ವೋಲ್ಟ್ ಬರಬೇಕು.

ಟ್ಯಾಪೆಟ್ ಮತ್ತು ಕಂಪ್ರೆಷನ್

ಟ್ಯಾಪೆಟ್ ಎಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಸಂದು ಹೊಂದಿಸುವ ಜಾಗ. ಅದು ಸದ್ದು ಮಾಡಿದರೆ ಎಲ್ಲರೂ ಗಮನಿಸುತ್ತಾರೆ. ಬಿಗಿಯಾದ ಟ್ಯಾಪೆಟ್ ಸದ್ದೇ ಮಾಡುವುದಿಲ್ಲ, ಅದೇ ಹೆಚ್ಚು ಕೆಡುಕು. ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ, ಕಾದ ಮೇಲೆ ಐಡ್ಲಿಂಗ್ ನಿಲ್ಲುವುದಿಲ್ಲ, ಸ್ಟಾರ್ಟ್ ಆಗಲು ಕಷ್ಟ, ಕೊನೆಗೆ ವಾಲ್ವೇ ಸುಟ್ಟುಹೋಗುತ್ತದೆ. ರಾತ್ರಿಯಿಡೀ ತಣಿದ ಎಂಜಿನ್ನಿನಲ್ಲಿ, ಮ್ಯಾಗ್ನೆಟ್ ಮೇಲಿನ ‘ಟಿ’ ಗುರುತನ್ನು ಕಿಂಡಿಯ ಗುರುತಿಗೆ ಸರಿಹೊಂದಿಸಿ. ಆಗ ಎರಡೂ ರಾಕರ್ ಸ್ವಲ್ಪ ಅಲುಗಾಡಬೇಕು. ಒಂದು ಬಿಗಿಯಾಗಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ನೋಡಿ, ಪಿಸ್ಟನ್ ಎಗ್ಸಾಸ್ಟ್ ಸ್ಟ್ರೋಕಿನಲ್ಲಿ ಇರಬಹುದು. ಹಳೆ 97 ಸಿಸಿ ಹೀರೋ ಹೋಂಡಾ ಎಂಜಿನ್ನಿಗೆ ಎರಡೂ ವಾಲ್ವಿನ ಸಂದು 0.05 ಮಿಲಿಮೀಟರ್. ಗೇಜಿನ ಎಲೆ ಸ್ವಲ್ಪ ಹಿಡಿತದಿಂದ ಜಾರಬೇಕು. ಲಾಕ್‌ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಸೆಟ್ಟಿಂಗ್ ಬದಲಾಗುವುದು ಮಾಮೂಲು.

ಕಂಪ್ರೆಷನ್ ಗೇಜ್ ಇದ್ದರೆ ಎಕ್ಸಲೇಟರ್ ಪೂರ್ತಿ ತೆರೆದು ಐದಾರು ಕಿಕ್ ಹೊಡೆದು ಅಂಕಿ ಬರೆದುಕೊಳ್ಳಿ. ಪ್ಲಗ್ ರಂಧ್ರಕ್ಕೆ ಒಂದು ಟೀ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಗಣನೀಯವಾಗಿ ಏರಿದರೆ ರಿಂಗ್, ಬೋರ್ ಸವೆದಿದೆ. ಏರದಿದ್ದರೆ ಸೋರಿಕೆ ವಾಲ್ವಿನಲ್ಲಿ. ಬೋರ್ ಕೆಲಸಕ್ಕೆ ಒಪ್ಪಿಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿಸಿ ಎಂದು ಪಟ್ಟು ಹಿಡಿಯಿರಿ.

ಕೊನೆಗೆ ಕಾರ್ಬ್ಯುರೇಟರ್

ಮೇಲಿನದೆಲ್ಲ ಸರಿಯಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಎಕ್ಸಲೇಟರ್ ಹಿಡಿಗೂ ಸ್ವಿಚ್ ಡಬ್ಬಿಗೂ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಹಾಕಿ. ಕಾಲು ಭಾಗದೊಳಗೆ ಮಿಸ್ಸಿಂಗ್ ಆದರೆ ಸ್ಲೋ ಜೆಟ್ ಮತ್ತು ಏರ್ ಸ್ಕ್ರೂ. ಕಾಲಿನಿಂದ ಮುಕ್ಕಾಲಿನವರೆಗೆ ಆದರೆ ನೀಡಲ್. ಅದರ ಮೇಲೆ ಆದರೆ ಮೇನ್ ಜೆಟ್. ಮಿಸ್ಸಿಂಗ್ ಆಗುತ್ತಿರುವಾಗಲೇ ಚೋಕ್ ಅರ್ಧ ಎಳೆಯಿರಿ. ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿಲ್ಲ, ಇನ್ನೂ ಕೆಟ್ಟರೆ ಹೆಚ್ಚಾಗಿದೆ.

ಬಿಚ್ಚುವ ಮೊದಲು ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತಾ, ಕೂರುವವರೆಗೆ ಎಷ್ಟು ಸುತ್ತು ಎಂದು ಎಣಿಸಿ ಬರೆದುಕೊಳ್ಳಿ. ಜೋರಾಗಿ ಬಿಗಿದರೆ ಮೊನೆ ಹಾಳಾಗುತ್ತದೆ. ಜೆಟ್ ಒಳಗೆ ಪಿನ್ನು, ಸೂಜಿ, ಗಟ್ಟಿ ತಂತಿ ತೂರಿಸಬೇಡಿ. ರಂಧ್ರ ಕೂದಲೆಳೆಯಷ್ಟು ದೊಡ್ಡದಾದರೂ ಆ ಜೆಟ್ ಮತ್ತೆ ಸರಿಯಾಗುವುದಿಲ್ಲ. ಕ್ಲೀನರ್ ಸ್ಪ್ರೇ ಹೊಡೆದು, ಅರ್ಧ ಗಂಟೆ ಬಿಟ್ಟು, ಪಂಚರ್ ಅಂಗಡಿಯ ಗಾಳಿ ಹಿಡಿಸಿ, ಬೆಳಕಿಗೆ ಹಿಡಿದು ನೋಡಿ. ರಂಧ್ರ ದುಂಡಗೆ, ಸ್ವಚ್ಛವಾಗಿ ಕಾಣಬೇಕು. ಸ್ಲೋ ಜೆಟ್ಟಿನ ರಂಧ್ರ ತೀರಾ ಸಣ್ಣದು, ನಿಂತ ಗಾಡಿಯಲ್ಲಿ ಮೊದಲು ಕಟ್ಟುವುದು ಅದೇ.

ಟ್ಯೂನಿಂಗಿಗೆ ಮೊದಲು ಹತ್ತು ನಿಮಿಷ ಓಡಿಸಿ ಎಂಜಿನ್ ಕಾಯಿಸಿ. ಅದೇ ಸ್ಕ್ರೂವನ್ನು ಒಂದೂವರೆಯಿಂದ ಎರಡು ಸುತ್ತು ಹೊರಗಿಟ್ಟು ಶುರು ಮಾಡಿ. ಕಾಲು ಕಾಲು ಸುತ್ತು ತಿರುಗಿಸುತ್ತಾ ಐಡ್ಲಿಂಗ್ ಅತಿ ಹೆಚ್ಚಾಗುವ ಜಾಗ ಹುಡುಕಿ, ನಂತರ ಐಡ್ಲಿಂಗ್ ಸ್ಕ್ರೂನಿಂದ ವೇಗ ಇಳಿಸಿ. ಸ್ಪ್ಲೆಂಡರಿಗೆ ಸುಮಾರು 1400 ಆರ್‌ಪಿಎಂ. ಮಿಶ್ರಣದ ಸ್ಕ್ರೂ ಎಲ್ಲಿದೆ ಎಂದು ನೋಡಿಕೊಳ್ಳುವುದು ಮುಖ್ಯ. ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯದು, ಹೊರಕ್ಕೆ ತಿರುಗಿಸಿದರೆ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಎಂಜಿನ್ ಕಡೆ ಇದ್ದರೆ ಪೆಟ್ರೋಲಿನದು, ಹೊರಕ್ಕೆ ತಿರುಗಿಸಿದರೆ ಹೆಚ್ಚಾಗುತ್ತದೆ. ಇದನ್ನು ತಿಳಿಯದೆ ತಿರುಗಿಸಿ ದೋಷವನ್ನು ದುಪ್ಪಟ್ಟು ಮಾಡಿಕೊಂಡ ಗಾಡಿಗಳು ಬೇಕಾದಷ್ಟಿವೆ.

ನಮ್ಮ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಪಟ್ಟಣದಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಹೆಚ್ಚುಕಡಿಮೆ ಶೇ 10, ಗಿರಿಯ ತುದಿಯಲ್ಲಿ ಶೇ 17 ಕಡಿಮೆ. ಕಾರ್ಬ್ಯುರೇಟರ್ ಇದನ್ನು ತಾನಾಗಿ ಸರಿಪಡಿಸಿಕೊಳ್ಳದು. ಮಂಗಳೂರಿನಲ್ಲಿ ಟ್ಯೂನ್ ಆದ ಗಾಡಿಗೆ ಇಲ್ಲಿ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಕಪ್ಪಾಗುತ್ತದೆ. ಗಿರಿಯ ಮೇಲೆ ಟ್ಯೂನ್ ಮಾಡಿದ ಗಾಡಿ ಶಿರಾಡಿ ಇಳಿದ ಮೇಲೆ ಪೆಟ್ರೋಲ್ ಸಾಲದೆ ಅತಿಯಾಗಿ ಬಿಸಿಯಾಗುತ್ತದೆ. ಎಥೆನಾಲ್ ಪೆಟ್ರೋಲಿನ ಪರಿಣಾಮ ಎತ್ತರದ ಪರಿಣಾಮಕ್ಕೆ ವಿರುದ್ಧ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಅದರ 14.7 ಪಾಲು ತೂಕದ ಗಾಳಿ ಬೇಕು, ಶೇ 20 ಎಥೆನಾಲ್ ಇದ್ದರೆ ಸುಮಾರು 13.5 ಪಾಲು ಸಾಕು. ಹಾಗಾಗಿ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಕರಾವಳಿಯವರು ‘ಎಥೆನಾಲ್ ಬಂತು, ದೊಡ್ಡ ಮೇನ್ ಜೆಟ್ ಹಾಕಿ’ ಎಂದರೆ ಅದನ್ನು ಇಲ್ಲಿ ಹಾಗೆಯೇ ಪಾಲಿಸಬೇಡಿ, ಎತ್ತರವೇ ಅದರ ಬಹುಪಾಲನ್ನು ಸರಿದೂಗಿಸಿರಬಹುದು. ನೀವು ದಿನವೂ ಓಡಿಸುವ ಎತ್ತರದಲ್ಲಿ ಕಂಪನಿ ಜೆಟ್ ಇಟ್ಟುಕೊಂಡೇ ಟ್ಯೂನ್ ಮಾಡಿ, ಪ್ಲಗ್ಗಿನ ಬಣ್ಣ ನೋಡಿ. ಬೇಕಾದರೆ ನೀಡಲ್ ಕ್ಲಿಪ್ಪನ್ನು ಒಂದು ಗೀರು ಮಾತ್ರ ಸರಿಸಿ. ಕ್ಲಿಪ್ ಮೇಲಕ್ಕೆ ಹೋದರೆ ಪೆಟ್ರೋಲ್ ಕಡಿಮೆ, ಕೆಳಕ್ಕೆ ಬಂದರೆ ಹೆಚ್ಚು.

ಟೂ ಸ್ಟ್ರೋಕ್ ಗಾಡಿಗಳಿಗೆ ಎರಡು ಮಾತು ಹೆಚ್ಚು. ಆರ್‌ಎಕ್ಸ್ 100 ಮೇಲಿನ ಆರ್‌ಪಿಎಂನಲ್ಲಿ ಕಟ್ಟಿದಂತಾದರೆ ಸೈಲೆನ್ಸರಿನ ಒಳಕೊಳವೆಯನ್ನು ಎಳೆದು ಕಾರ್ಬನ್ ಕೆರೆಯಿರಿ. ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಸೋತರೆ ಗಾಳಿ ಒಳನುಗ್ಗಿ ಐಡ್ಲಿಂಗ್ ಹುಚ್ಚೇಳುತ್ತದೆ. ಕ್ಲಚ್ ಕಡೆಯ ಸೀಲ್ ಸೋತರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಕಾರುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಕಾರ್ಬ್ಯುರೇಟರ್ ಎಷ್ಟು ತಿರುಗಿಸಿದರೂ ಇವೆರಡೂ ಸರಿಯಾಗುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ರಸ್ತೆಯಲ್ಲಿ, ಅದೇ ಗೇರಿನಲ್ಲಿ ಓಡಿಸಿ ನೋಡಿ, ಚೀಟಿಯಲ್ಲಿ ಸೇರಿಸಿ. ಕೈಮರದಿಂದ ಸೀತಾಳಯ್ಯನಗಿರಿಯ ಏರು ಇದಕ್ಕೆ ಒಳ್ಳೆಯದು. ಸಕಲೇಶಪುರದವರಿಗೆ ಊರಿನ ಹತ್ತಿರದ ಯಾವುದೇ ಉದ್ದ ಏರು ಸಾಕು. ಗಾಡಿ ಗ್ಯಾರೇಜಿಗೇ ಹೋಗಬೇಕಾಗಿ ಬಂದರೆ ಆ ಚೀಟಿಯನ್ನೂ, ತೆಗೆದ ಹಳೆ ಪ್ಲಗ್ಗನ್ನು ಒರೆಸದೆ ಕಾಗದದಲ್ಲಿ ಸುತ್ತಿ, ಜೊತೆಗೆ ಕೊಡಿ. ಮಳೆಗಾಲದಲ್ಲಿ ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವ ಗಾಡಿಯಾದರೆ ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕಾಕ್ ಬಂದ್ ಮಾಡಿ, ಫ್ಲೋಟ್ ಚೇಂಬರಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಅಲ್ಲಿರುವ ಪೆಟ್ರೋಲನ್ನು ಬಾಟಲಿಗೆ ಇಳಿಸಿಡಿ.